ತಿರುವಿನ ಹಿಡಿತ ಸ್ಪ್ರಿಂಗ್ ಕತ್ತರಿಸಿದರೆ ಬರದು

ತಿರುವಿನಲ್ಲಿ ಕಾರು ವಾಲುತ್ತದೆಂದು ಸ್ಪ್ರಿಂಗ್ ಕತ್ತರಿಸಿ ತಗ್ಗಿಸುವವರು, ಬಿಗಿ ಸ್ಪ್ರಿಂಗ್ ಹಾಕಿಸುವವರು ನಮ್ಮಲ್ಲಿ ಕಡಿಮೆಯಿಲ್ಲ. ವಾಲುವುದು ಕಣ್ಣಿಗೆ ಕಾಣುತ್ತದೆ, ಹಾಗಾಗಿ ಅದೇ ದೋಷವೆನಿಸುತ್ತದೆ. ಆದರೆ ಕಾರನ್ನು ದಾರಿಯಲ್ಲಿ ಹಿಡಿದಿಡುವುದು ನೆಲಕ್ಕೆ ತಾಗಿರುವ ಅಂಗೈಯಗಲದ ನಾಲ್ಕು ತುಂಡು ರಬ್ಬರ್ ಮಾತ್ರ. ತಿರುಗುವಾಗ ಒಳಬದಿಯ ಚಕ್ರಗಳ ಭಾರ ಹೊರಬದಿಗೆ ಸರಿಯುತ್ತದೆ; ಹೆಚ್ಚು ಸರಿದಷ್ಟೂ ಟೈರ್‌ಗಳ ಒಟ್ಟು ಹಿಡಿತ ಕುಗ್ಗುತ್ತದೆ. ಎಷ್ಟು ಸರಿಯಬೇಕೆಂಬುದನ್ನು ಬಹುಮಟ್ಟಿಗೆ ತೀರ್ಮಾನಿಸುವುದು ಕಾರಿನ ತೂಕ, ಗುರುತ್ವ ಕೇಂದ್ರದ ಎತ್ತರ, ಎಡಬಲ ಚಕ್ರಗಳ ಅಂತರ ಮತ್ತು ತಿರುವಿನ ಬಿರುಸು, ಸ್ಪ್ರಿಂಗಿನ ಬಿಗಿಯಲ್ಲ. 1,000 ಕಿಲೊ ತೂಕದ, 145 ಸೆಂ.ಮೀ. ಚಕ್ರಾಂತರದ ಕಾರಿನ ಗುರುತ್ವ ಕೇಂದ್ರ 55 ಸೆಂ.ಮೀ. ಎತ್ತರದಲ್ಲಿದೆ ಎಂದುಕೊಳ್ಳಿ. ತನ್ನ ತೂಕದ ಶೇ 40ರಷ್ಟು ಅಡ್ಡಬಲದಲ್ಲಿ ಅದು ತಿರುಗಿದರೆ ಸುಮಾರು 152 ಕಿಲೊ ಭಾರ ಹೊರಕ್ಕೆ ಹೋಗುತ್ತದೆ. 3 ಸೆಂ.ಮೀ. ತಗ್ಗಿಸಿದರೆ ಸುಮಾರು 143 ಕಿಲೊ. ಗಳಿಕೆ ಎಂಟೊಂಬತ್ತು ಕಿಲೊ, ಅಷ್ಟೇ.

ಅದಕ್ಕೆ ತೆರುವ ಬೆಲೆ ದೊಡ್ಡದು. ನಮ್ಮ ಬಹುಪಾಲು ಸಣ್ಣ ಕಾರುಗಳ ಮುಂಭಾಗದಲ್ಲಿರುವುದು ಮ್ಯಾಕ್‌ಫರ್ಸನ್ ಸ್ಟ್ರಟ್ ಮಾದರಿಯ ಸಸ್ಪೆನ್ಷನ್. ಕಾರು ತಗ್ಗಿದಾಗ ಅದರ ಲೋವರ್ ಆರ್ಮ್‌ನ ಓರೆ ಬದಲಾಗಿ, ಕಾರು ಯಾವ ಬಿಂದುವಿನ ಸುತ್ತ ವಾಲುತ್ತದೋ ಆ ಬಿಂದು ಗುರುತ್ವ ಕೇಂದ್ರಕ್ಕಿಂತಲೂ ಹೆಚ್ಚು ಕೆಳಗಿಳಿಯುತ್ತದೆ. ಎರಡರ ನಡುವಿನ ಅಂತರ ಬೆಳೆದಷ್ಟೂ ವಾಲಿಸುವ ಒತ್ತಡ ಹೆಚ್ಚು. ಯಾವುದನ್ನು ತಡೆಯಲು ಹೊರಟಿದ್ದೆವೋ ಅದಕ್ಕೇ ಬಲ ಕೊಟ್ಟಂತಾಯಿತು. ಜೊತೆಗೆ ಚಕ್ರಗಳು ಒಳಕ್ಕೋ ಹೊರಕ್ಕೋ ಮುಖ ಮಾಡಿರುವ ಟೋ ಕೋನ ಕೆಡುತ್ತದೆ, ಚಕ್ರ ಮೇಲೆ ಕೆಳಗೆ ಆಡುವ ಜಾಗ ಕುಗ್ಗುತ್ತದೆ. ಆಗುಂಬೆಯಂಥ ಘಾಟಿಯ ತಿರುವಿನ ನಡುವೆ ಗುಂಡಿ ಸಿಕ್ಕರೆ ಸಸ್ಪೆನ್ಷನ್ ತನ್ನ ಕೊನೆಯ ತಡೆಯಾದ ಬಂಪ್ ಸ್ಟಾಪ್‌ಗೆ ಬಡಿದು, ಹಿಡಿತ ಬೇಕಾದ ಗಳಿಗೆಯಲ್ಲೇ ಟೈರ್ ನೆಲ ಬಿಡಬಹುದು.

ರೇಸ್ ಕಾರುಗಳು ತಗ್ಗಾಗಿ, ಬಿಗಿಯಾಗಿ ಇರುವುದಿಲ್ಲವೇ ಎಂದು ಕೇಳಬಹುದು. ಇರುತ್ತವೆ, ಆದರೆ ಅವು ಓಡುವುದು ನುಣುಪಾದ ಟ್ರ್ಯಾಕಿನಲ್ಲಿ, ಕಾರನ್ನು ನೆಲಕ್ಕೆ ಒತ್ತುವ ಗಾಳಿಯ ಬಲದ ಜೊತೆ. ಕಲ್ಲುಮಣ್ಣಿನ ರ‍್ಯಾಲಿಗೆ ಸಜ್ಜಾದ ಕಾರುಗಳನ್ನು ನೋಡಿ: ಎತ್ತರದ ನಿಲುವು, ಉದ್ದನೆಯ ಸಸ್ಪೆನ್ಷನ್ ಆಟ. ತಿರುವಿನ ಹತೋಟಿಗೆ ಇಂದಿಗೂ ಹೆಸರಾದ 1962ರ ಸ್ಪೋರ್ಟ್ಸ್ ಕಾರು ಲೋಟಸ್ ಎಲಾನ್‌ಗೆ ಇದ್ದದ್ದು ಮೆದು ಸ್ಪ್ರಿಂಗ್, ಹದವಾದ ಡ್ಯಾಂಪಿಂಗ್. ನಮ್ಮ ರಸ್ತೆಗೆ ಒಪ್ಪುವ ಪಾಠ ಅಲ್ಲಿದೆ. ವಾಲುವಿಕೆ ನಿಜವಾಗಿಯೂ ಅತಿಯಾಗಿದ್ದರೆ ಎಡಬಲ ಚಕ್ರಗಳನ್ನು ಜೋಡಿಸಿ ವಾಲುವುದನ್ನು ತಡೆಯುವ ಆಂಟಿ ರೋಲ್ ಬಾರ್ ಇದೆ. ಹಿಂದಿನದನ್ನು ದಪ್ಪಗಾಗಿಸಿದರೆ ಮೂತಿ ಹೊರಕ್ಕೆ ಎಳೆಯುವುದು ತಗ್ಗುತ್ತದೆ; ಅತಿಯಾದರೆ ಮಳೆಯಲ್ಲಿ ಹಿಂಬದಿ ಜಾರುತ್ತದೆ. ಅದಕ್ಕೂ ಮೊದಲು ಟೈರ್ ತಣ್ಣಗಿರುವಾಗ ಗಾಳಿ ಅಳೆಯಿರಿ. ಬುಷ್ ಸವೆದಿದೆಯೇ, ಶಾಕ್ ಅಬ್ಸಾರ್ಬರ್‌ನಿಂದ ಎಣ್ಣೆ ಸೋರಿದೆಯೇ ನೋಡಿಸಿ. ಸೋರಿದ್ದರೆ ಜೋಡಿಯಾಗಿ ಬದಲಿಸಿ, ವೀಲ್ ಅಲೈನ್‌ಮೆಂಟ್ ಮಾಡಿಸಿ. ಕಂಪನಿಯ ಸ್ಪ್ರಿಂಗ್‌ಗೆ ಕಟ್ಟರ್ ತಾಗಿಸಲು ಮಾತ್ರ ಬಿಡಬೇಡಿ.