ಕಡಲಿನ ನಡುವಣ ಬೆಂಕಿಯ ಬೆಟ್ಟಗಳು

ಸಿಸಿಲಿಗೆ ಉತ್ತರದ ಕಡಲಿನಲ್ಲಿ ಈಯೋಲಿಯನ್ ದ್ವೀಪಗಳೆಂಬ ಏಳು ನಡುಗಡ್ಡೆಗಳುಂಟು. ಏಳೂ ಸಮುದ್ರದ ತಳದಿಂದೆದ್ದ ಅಗ್ನಿಪರ್ವತಗಳ ನೆತ್ತಿಗಳೇ. ಪೂರ್ವದ ಅಯೋನಿಯನ್ ಸಮುದ್ರದ ತಳವು ಇಟಲಿಯ ತುದಿಯ ಅಡಿಗೆ ಮೆಲ್ಲಮೆಲ್ಲನೆ ಇಳಿಯುತ್ತಿದೆ. ಆ ಆಳದಲ್ಲಿ ಶಿಲೆ ಕರಗಿ ಮೇಲೇರುವುದೇ ಈ ಬೆಂಕಿಗೆ ಮೂಲ.

ಇಲ್ಲಿ ವಿಮಾನನಿಲ್ದಾಣವಿಲ್ಲ. ವಿಮಾನವು ನಮ್ಮನ್ನು ಸಿಸಿಲಿಯಲ್ಲಿ ಇಳಿಸೀತು. ಮುಂದಕ್ಕೆ ಮಿಲಾಟ್ಸೊ ಬಂದರಿನಿಂದ ಹಡಗೇ ಗತಿ. ಇದನ್ನು ನಾವು ಕೊರತೆಯೆಂದು ಎಣಿಸುವುದಿಲ್ಲ.

ಮೊದಲು ಸಿಕ್ಕುವುದು ವುಲ್ಕಾನೊ. ರೋಮನರ ಅಗ್ನಿದೇವನ ಕುಲುಮೆಯೆಂದು ಪ್ರಸಿದ್ಧವಾದ ಈ ದ್ವೀಪದಿಂದಲೇ ಐರೋಪ್ಯ ಭಾಷೆಗಳಲ್ಲಿ ಅಗ್ನಿಪರ್ವತಕ್ಕೆ ಹೆಸರು ಬಂದಿತು. 1890ರ ಬಳಿಕ ಅದು ಬೆಂಕಿಯುಗುಳಿಲ್ಲ. ಆದರೂ ಗಂಧಕದ ವಾಸನೆ ದಡದಲ್ಲೇ ಮೂಗಿಗೆ ಬಡಿಯುತ್ತದೆ. 2021ರಲ್ಲಿ ನೆಲದಿಂದ ಹೊಮ್ಮುವ ಇಂಗಾಲಾಮ್ಲ ವಾಯು ಹೆಚ್ಚಿತು. ಗಾಳಿಗಿಂತ ಭಾರವಾದ ಆ ವಾಯು ತಗ್ಗುಗಳಲ್ಲಿ ಕಣ್ಣಿಗೆ ಕಾಣದೆ ನಿಲ್ಲುವುದರಿಂದ, ಬಂದರಿನ ಬಳಿಯ ಜನರು ರಾತ್ರಿ ತಮ್ಮ ಮನೆಗಳಲ್ಲಿ ಮಲಗಕೂಡದೆಂದು ಆಜ್ಞೆಯಾಯಿತು.

ಪಕ್ಕದ ಲಿಪಾರಿಯಲ್ಲಿ ಕಪ್ಪು ಗಾಜಿನಂಥ ಕಲ್ಲು ದೊರೆಯುತ್ತದೆ. ಶಿಲಾಯುಗದವರು ಅದನ್ನು ಅಲಗುಗಳಿಗಾಗಿ ಕಡಲಾಚೆಗೂ ಸಾಗಿಸುತ್ತಿದ್ದರು.

ನಾವು ಮುಖ್ಯವಾಗಿ ಹೇಳಬೇಕಾದುದು ಸ್ಟ್ರಾಂಬೊಲಿಯ ವಿಚಾರ. ನೀರಿನ ಮೇಲೆ ಅದರ ಎತ್ತರ 924 ಮೀಟರು. ನೀರೊಳಗಿನ ಭಾಗ ಇನ್ನೂ ಹೆಚ್ಚು. ಎರಡು ಸಾವಿರ ವರ್ಷಗಳಿಗೂ ಮೇಲ್ಪಟ್ಟು ಗಂಟೆಗೆ ಹಲವು ಸಲ ಕಿಡಿ ಕಾರುತ್ತ ಬಂದಿರುವ ಇದನ್ನು ನಾವಿಕರು ಮೆಡಿಟರೇನಿಯನ್ನಿನ ದೀಪಸ್ತಂಭವೆಂದರು. ಅನ್ನದ ಗಂಜಿ ಕುದಿಯುವಾಗ ಗುಳ್ಳೆಯೊಡೆದು ಹನಿ ಸಿಡಿಯುವುದಲ್ಲವೆ? ಹಾಗೆಯೇ ಕರಗಿದ ಶಿಲೆಯೊಳಗಿನ ವಾಯು ದೊಡ್ಡ ಗುಳ್ಳೆಯಾಗಿ ಮೇಲೇರಿ ಬಾಯಿಯ ಬಳಿ ಒಡೆಯುತ್ತದೆ. ವಾಯವ್ಯದಲ್ಲಿ ಸಿಯಾರ ದೆಲ್ ಫುವೋಕೊ ಎಂಬ ಇಳಿಜಾರಿನ ಎದುರು ರಾತ್ರಿ ದೋಣಿ ನಿಲ್ಲಿಸಿದರೆ, ಕೆಂಡಗಳು ಉರುಳುರುಳಿ ಕಡಲಿಗೆ ಬೀಳುವುದು ಕಾಣುತ್ತದೆ.

ಈ ನಿಯಮವೇ ಮನಸ್ಸನ್ನು ಮರುಳುಮಾಡುವುದು. 2002ರ ಡಿಸೆಂಬರ್ 30ರಂದು ಇದೇ ಇಳಿಜಾರು ಕುಸಿದು, ಎದ್ದ ಅಲೆಗಳು ಹಳ್ಳಿಯ ಮನೆಗಳಿಗೆ ನುಗ್ಗಿದವು. ಬೇಸಗೆಯ ಪ್ರವಾಸಿಗಳು ಆಗ ಇದ್ದಿರಲಿಲ್ಲವೆಂಬುದು ಪುಣ್ಯ. 2019ರ ಜುಲೈ 3ರಂದು ಹಾಡಹಗಲಲ್ಲೇ ಮಹಾಸ್ಫೋಟವಾಗಿ, ಬೆಟ್ಟ ಹತ್ತಿದ್ದವನೊಬ್ಬನು ಸತ್ತನು. ಇಂಥ ಸ್ಫೋಟಕ್ಕೆ ಮೊದಲು ನೆಲ ತುಸು ಉಬ್ಬುವುದನ್ನು ಯಂತ್ರಗಳು ಗುರುತಿಸಬಲ್ಲವು. ಆದರೆ ದೊರೆಯುವ ಕಾಲಾವಕಾಶ ಕೆಲವೇ ನಿಮಿಷ. ಆದುದರಿಂದ ಶಿಖರದ ಆಸೆಯನ್ನು ಬಿಟ್ಟು ದೂರದ ದೋಣಿಯಿಂದ ನೋಡುವವನನ್ನು ನಾವು ಹೇಡಿಯೆನ್ನಲಾರೆವು.

1930ರ ಸ್ಫೋಟದ ತರುವಾಯ ದ್ವೀಪವಾಸಿಗಳನೇಕರು ಆಸ್ಟ್ರೇಲಿಯ, ಅಮೆರಿಕಗಳಿಗೆ ವಲಸೆಹೋದರು. ಉಳಿದ ಕೆಲವು ನೂರು ಜನರಿಗೆ ಚಳಿಗಾಲದಲ್ಲಿ ಬೆಂಕಿಗಿಂತ ಕಡಲಿನ ಚಿಂತೆಯೇ ಹೆಚ್ಚು. ಅಲೆ ಜೋರಾದ ದಿನ ಹಡಗು ದಡಕ್ಕೆ ತಾಗದೆ ಹಿಂದಿರುಗುತ್ತದೆ.