ದಿಂಡಿಯ ಗಂಟು: ಹೊರೆ, ತೇವ, ನಾದ

ಆಷಾಢ ಏಕಾದಶಿಗೆ ಪಂಢರಪುರ ಮುಟ್ಟಲು ಕಾಲ್ನಡಿಗೆಯಲ್ಲಿ ಹೊರಡುವ ಭಜನಾ ಮೇಳಕ್ಕೆ ದಿಂಡಿ ಎನ್ನುತ್ತಾರೆ. ಹಗಲೆಲ್ಲ ತಾಳ ಮೃದಂಗದೊಡನೆ ಹಾಡುತ್ತ ನಡೆಯುವುದು, ಸಂಜೆ ಗುಡಿ, ಶಾಲೆ ಇಲ್ಲವೇ ಬಯಲಿನಲ್ಲಿ ಬೀಡು ಬಿಡುವುದು, ರಾತ್ರಿ ಕೀರ್ತನೆ, ನಸುಕಿಗೆ ಕಾಕಡಾರತಿ ಮುಗಿಸಿ ಮತ್ತೆ ನಡೆಯುವುದು ಅದರ ದಿನಚರಿ. ಆಳಂದಿಯಿಂದ ಹೊರಡುವ ಜ್ಞಾನೇಶ್ವರ ಪಾಲಖಿ ಸುಮಾರು 250 ಕಿ.ಮೀ. ದಾರಿಯನ್ನು ಸುಮಾರು ಮೂರು ವಾರದಲ್ಲಿ ಕ್ರಮಿಸುತ್ತದೆ. ಆ ಪಾಲಖಿಯನ್ನು 19ನೇ ಶತಮಾನದಲ್ಲಿ ಇಂದಿನ ಶಿಸ್ತಿಗೆ ತಂದವರು ಹೈಬತಬಾಬಾ ಆರಫಳಕರ. ಅದಕ್ಕೆ ಕುದುರೆ, ಡೇರೆ ಒದಗಿಸಿದವರು ಈಗಿನ ಬೆಳಗಾವಿ ಜಿಲ್ಲೆಯ ಅಂಕಲಿಯ ಶಿತೋಳೆ ಸರದಾರರು. ಪಾಲಖಿಯ ಕುದುರೆಗಳು ಇಂದಿಗೂ ಅಂಕಲಿಯಿಂದಲೇ ಹೋಗುತ್ತವೆ.

ಕಲಬುರಗಿ ಜಿಲ್ಲೆಯ ಗಡಿಯ ಊರುಗಳಿಗೆ ಪಂಢರಪುರ ಹೊರಗಿನ ಕ್ಷೇತ್ರವಲ್ಲ. ಅಫಜಲಪುರ ತಾಲ್ಲೂಕಿನ ಸೊನ್ನದ ಬ್ಯಾರೇಜಿಗೆ ಬಂದು ನಿಲ್ಲುವ ಭೀಮೆಯೇ ಮೇಲ್ಭಾಗದಲ್ಲಿ, ಪಂಢರಪುರದ ಮುಂದೆ, ಚಂದ್ರಭಾಗಾ ಎನಿಸಿಕೊಳ್ಳುತ್ತದೆ. ಆದರೆ ಯಾತ್ರೆಯ ಕಾಲ ಜೂನ್-ಜುಲೈ. ಒಂದು ದಿನ ಸುಡು ಬಿಸಿಲು, ಮರುದಿನ ಜಡಿಮಳೆ. ಹೀಗಾಗಿ ದಿಂಡಿಯ ಗಂಟು ಕಟ್ಟುವುದೆಂದರೆ ಹೊರೆಯನ್ನು ಇಳಿಸುವುದು, ತೇವವನ್ನು ತಡೆಯುವುದು, ವಾದ್ಯದ ಶ್ರುತಿಯನ್ನು ಕಾಯುವುದು. ಮೂರರ ಹಿಂದೆಯೂ ಸರಳ ಭೌತವಿಜ್ಞಾನವಿದೆ.

ಹೊರೆ ಮತ್ತು ನಡಿಗೆ

ನಡೆಯುವ ಮನುಷ್ಯನ ದೇಹದ ಭಾರಕೇಂದ್ರ ಪ್ರತಿ ಹೆಜ್ಜೆಗೂ ಸ್ವಲ್ಪ ಏರಿ ಇಳಿಯುತ್ತದೆ. ಏರಿದಾಗ ಕೂಡಿದ ಶಕ್ತಿಯಲ್ಲಿ ಬಹುಪಾಲು ಇಳಿಯುವಾಗ ಮುಂದಿನ ಚಲನೆಗೆ ಒದಗುತ್ತದೆ. ಉಳಿದುದನ್ನು ಸ್ನಾಯುಗಳು ತುಂಬಿಕೊಡಬೇಕು. ಹೊರೆ ಹೆಚ್ಚಿದಷ್ಟೂ ಈ ಖರ್ಚು ಹೆಚ್ಚುತ್ತದೆ. ಇದಕ್ಕೆ ಅಪವಾದವೂ ಉಂಟು. ಪೂರ್ವ ಆಫ್ರಿಕದ ಲುವೊ ಮತ್ತು ಕಿಕುಯು ಮಹಿಳೆಯರು ತಮ್ಮ ತೂಕದ 20 ಶೇಕಡದಷ್ಟು ಹೊರೆಯನ್ನು ಹೊತ್ತು ನಡೆದರೂ ಆಮ್ಲಜನಕದ ಬಳಕೆ ಹೆಚ್ಚುವುದಿಲ್ಲವೆಂದು 1986ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಬಂದ ಸಂಶೋಧನೆ ತೋರಿಸಿತು. ಹೊರೆ ಹೊತ್ತಾಗ ಅವರ ನಡಿಗೆಯಲ್ಲಿ ಶಕ್ತಿಯ ಈ ಕೊಡುಕೊಳ್ಳುವಿಕೆ ಇನ್ನಷ್ಟು ದಕ್ಷವಾಗುವುದೇ ಕಾರಣವೆಂದು ಮುಂದಿನ ಅಧ್ಯಯನಗಳಲ್ಲಿ ತಿಳಿಯಿತು. ದಿಂಡಿಯಲ್ಲಿ ತುಳಸಿ ವೃಂದಾವನವನ್ನು ತಲೆಯ ಮೇಲೆ ಹೊತ್ತು ನಡೆಯುವ ಹೆಣ್ಣುಮಕ್ಕಳ ಹೊರೆಯೂ ನೇರ ಬೆನ್ನುಮೂಳೆಯ ಮೇಲೆ ಕೂರುತ್ತದೆ. ಆದರೆ ಇದು ಬಾಲ್ಯದಿಂದ ಬರುವ ರೂಢಿ. ರೂಢಿಯಿಲ್ಲದವರ ಕುತ್ತಿಗೆಗೆ ಅದು ಅಪಾಯ.

ಒಂದೇ ಹೆಗಲಿಗೆ ಜೋತುಬಿದ್ದ ಚೀಲ ಭಾರಕೇಂದ್ರವನ್ನು ಒಂದು ಬದಿಗೆ ಎಳೆಯುತ್ತದೆ. ಅದನ್ನು ಸರಿದೂಗಿಸಲು ಸೊಂಟದ ಸ್ನಾಯುಗಳು ದಿನವಿಡೀ ಬಿಗಿದಿರಬೇಕಾಗುತ್ತದೆ. ಹೆಗಲ ಹಿಂದೆ ಮುಂದೆ ಸಮನಾಗಿ ಇಳಿಬಿಡುವ ಹಸಿಬೆ ಚೀಲವಾಗಲಿ, ಎರಡು ಪಟ್ಟಿಯ ಬೆನ್ನುಚೀಲವಾಗಲಿ ಇದಕ್ಕಿಂತ ಮೇಲು. ಬೆನ್ನುಚೀಲದಲ್ಲಿ ಭಾರದ ಸಾಮಾನು ಬೆನ್ನಿಗೆ ಅಂಟಿಕೊಂಡಿರಬೇಕು, ಹಗುರಾದದ್ದು ಹೊರಬದಿಗೆ. ಭಾರ ಬೆನ್ನಿನಿಂದ ದೂರ ಸರಿದಷ್ಟೂ ಹಿಂದಕ್ಕೆ ಎಳೆಯುವ ತಿರುಚುಬಲ ಬೆಳೆದು, ನಡೆಯುವವರು ಮುಂದಕ್ಕೆ ಬಾಗಬೇಕಾಗುತ್ತದೆ.

ಎಲ್ಲಕ್ಕಿಂತ ದುಬಾರಿ ಹೊರೆ ಪಾದದ್ದು. ಪಾದಕ್ಕೆ ಕಟ್ಟಿದ ತೂಕಕ್ಕೆ ತಗಲುವ ಶಕ್ತಿ, ಅದೇ ತೂಕವನ್ನು ಮುಂಡದ ಮೇಲೆ ಹೊತ್ತರೆ ತಗಲುವುದಕ್ಕಿಂತ ನಾಲ್ಕರಿಂದ ಆರು ಪಟ್ಟು ಹೆಚ್ಚು. ಪ್ರತಿ ಹೆಜ್ಜೆಗೂ ಪಾದವನ್ನು ನಿಲ್ಲಿಸಿ ಮತ್ತೆ ಬೀಸಬೇಕಾಗುವುದೇ ಕಾರಣ. ಕಲಬುರಗಿ, ಸೊಲ್ಲಾಪುರ ಸೀಮೆಯ ಎರೆಮಣ್ಣು ಮಳೆಗೆ ನೆನೆದು ಚಪ್ಪಲಿಗೆ ಅಂಟಿಕೊಂಡರೆ ಕಾಲು ಅಷ್ಟೊಂದು ದಣಿಯುವುದು ಇದರಿಂದಲೇ. ಹಗುರವಾದ, ಆಗಲೇ ಕಾಲಿಗೆ ಒಗ್ಗಿದ ಪಾದರಕ್ಷೆಯೇ ಉತ್ತಮ. ನೆನೆದ ಚರ್ಮದಲ್ಲಿ ಘರ್ಷಣೆ ಹೆಚ್ಚಿ ಬೊಕ್ಕೆ ಏಳುವುದರಿಂದ ಒಣ ಬಟ್ಟೆಯ ತುಂಡೊಂದು, ಎರಡು ಜೊತೆ ಕಾಲುಚೀಲ ಗಂಟಿನಲ್ಲಿ ಇರಬೇಕು.

ಬುತ್ತಿ

ಆಹಾರ ಕೆಡುವುದು ಅದರೊಳಗೆ ಒಟ್ಟು ಎಷ್ಟು ನೀರಿದೆ ಎಂಬುದರಿಂದಲ್ಲ, ಸೂಕ್ಷ್ಮಜೀವಿಗಳ ಬಳಕೆಗೆ ಎಷ್ಟು ನೀರು ಸಿಗುತ್ತದೆ ಎಂಬುದರಿಂದ. ಇದನ್ನು ಜಲಚಟುವಟಿಕೆ ಎಂಬ ಅಳತೆಯಲ್ಲಿ ಹೇಳುತ್ತಾರೆ. ಶುದ್ಧ ನೀರಿನದು 1. ಈ ಅಳತೆ 0.6ಕ್ಕಿಂತ ಕೆಳಗಿಳಿದರೆ ಬ್ಯಾಕ್ಟೀರಿಯವಾಗಲಿ ಬೂಸ್ಟಾಗಲಿ ಬೆಳೆಯುವುದಿಲ್ಲ. ಮೆದು ರೊಟ್ಟಿ ಈ ಗೆರೆಯ ಮೇಲಿದ್ದರೆ, ಹಂಚಿನ ಮೇಲೆ ಬೇಯಿಸಿ ಸಣ್ಣ ಉರಿಯಲ್ಲಿ ಪೂರ್ತಿ ಒಣಗಿಸಿದ ಖಡಕ್ ರೊಟ್ಟಿ ಅದರ ಕೆಳಗೆ ನಿಲ್ಲುತ್ತದೆ. ಜೋಳದ ಹಿಟ್ಟಿನಲ್ಲಿ ಗೋಧಿಯಂತೆ ಗ್ಲೂಟೆನ್ ಇಲ್ಲ. ಬಿಸಿನೀರಿನಲ್ಲಿ ನಾದಿದಾಗ ಪಿಷ್ಟ ಅಂಟಾಗುವುದರಿಂದ ರೊಟ್ಟಿ ತಟ್ಟಲು ಬರುತ್ತದೆ. ಒಣಗಿದ ಮೇಲೆ ಆ ಪಿಷ್ಟವೇ ಗರಿಗರಿಯಾಗಿ ನಿಲ್ಲುತ್ತದೆ. ನೀರು ಹೋದಷ್ಟೂ ಬುತ್ತಿಯ ತೂಕವೂ ಇಳಿಯುತ್ತದೆ.

ಆದರೆ ಒಣಗಿದ ರೊಟ್ಟಿ ಗಾಳಿಯ ತೇವವನ್ನು ಹೀರಿಕೊಳ್ಳುತ್ತಲೇ ಇರುತ್ತದೆ. ಬೇಸಿಗೆಯಲ್ಲಿ ಅರಿವೆಯಲ್ಲಿ ಸುತ್ತಿಟ್ಟರೆ ಸಾಕಾಗುವ ರೊಟ್ಟಿ ಆಷಾಢದ ಗಾಳಿಗೆ ಮೆತ್ತಗಾಗುತ್ತದೆ. ಬಿಗಿಮುಚ್ಚಳದ ಡಬ್ಬಿಯೇ ಮಳೆಗಾಲಕ್ಕೆ ಸರಿ. ರೊಟ್ಟಿ ಪೂರ್ತಿ ತಣ್ಣಗಾದ ಮೇಲೆಯೇ ಡಬ್ಬಿಗೆ ಹಾಕಬೇಕು. ಬಿಸಿ ಇರುವಾಗಲೇ ಮುಚ್ಚಿದರೆ ಅದರ ಹಬೆಯೇ ಒಳಗೆ ಹನಿಗಟ್ಟಿ ಬೂಸ್ಟಿಗೆ ದಾರಿಯಾಗುತ್ತದೆ.

ಶೇಂಗಾ ಹಿಂಡಿಯ ಶತ್ರು ಬೇರೆ. ಅದರಲ್ಲಿ ನೀರು ಕಡಿಮೆ, ಎಣ್ಣೆ ಹೆಚ್ಚು. ಎಣ್ಣೆ ಗಾಳಿಯ ಆಮ್ಲಜನಕದೊಡನೆ ಸೇರಿ ಕಮಟು ವಾಸನೆ ಬರುತ್ತದೆ. ಕುಟ್ಟಿದ ಕಾಳಿಗೆ ಗಾಳಿ ತಾಗುವ ಮೈ ಹೆಚ್ಚು, ಬಿಸಿಲು ಬಿದ್ದರೆ ಕ್ರಿಯೆ ಇನ್ನೂ ಚುರುಕು. ಸಣ್ಣ ಸಣ್ಣ ಡಬ್ಬಿಗಳಲ್ಲಿ ಒತ್ತಿ ತುಂಬಿ, ಒಂದು ಮುಗಿದ ಮೇಲೆ ಇನ್ನೊಂದನ್ನು ತೆರೆಯುವುದು ಇದಕ್ಕೆ ಪರಿಹಾರ. ಹಸಿ ಕೊಬ್ಬರಿ, ಮೊಸರು, ಬೇಯಿಸಿದ ಪಲ್ಯ ಬುತ್ತಿಗೆ ಒಗ್ಗುವುದಿಲ್ಲ. ಅವು ಆ ಹೊತ್ತಿನ ಊಟಕ್ಕಷ್ಟೇ.

ನೀರು

ಹೊಸ ನೀರು ಹರಿದು ಬರುವ ಕಾಲದಲ್ಲಿ ದಾರಿಯ ಬಾವಿ, ಹಳ್ಳ ಎರಡೂ ನಂಬಿಕೆಗೆ ಯೋಗ್ಯವಲ್ಲ. ಕೊತ ಕೊತ ಕುದಿ ಬಂದು ಒಂದು ನಿಮಿಷ ಕುದ್ದ ನೀರು ಸುರಕ್ಷಿತ. ಕುದಿಸಲು ಆಗದಾಗ ಕ್ಲೋರಿನ್ ಗುಳಿಗೆ ನೆರವಾಗುತ್ತದೆ. ಕಲಕು ನೀರಿನ ಕೊಳೆಗೇ ಗುಳಿಗೆಯ ಶಕ್ತಿ ವೆಚ್ಚವಾಗುವುದರಿಂದ ಮೊದಲು ಸೋಸಬೇಕು. ಹಳೆಯ ನೂಲಿನ ಸೀರೆಯನ್ನು ನಾಲ್ಕು ಮಡಿಕೆ ಮಾಡಿ ನೀರು ಸೋಸಿದ ಬಾಂಗ್ಲಾದೇಶದ ಹಳ್ಳಿಗಳಲ್ಲಿ ಕಾಲರಾ 48 ಶೇಕಡ ಇಳಿಯಿತೆಂದು 2003ರಲ್ಲಿ ಪ್ರಕಟವಾದ ಅಧ್ಯಯನ ಹೇಳುತ್ತದೆ. ಕಾಲರಾ ಬ್ಯಾಕ್ಟೀರಿಯ ಅಂಟಿಕೊಂಡಿರುವ ನೀರಿನ ಸೂಕ್ಷ್ಮ ಪ್ರಾಣಿಗಳನ್ನು ಆ ಮಡಿಕೆ ಹಿಡಿಯುತ್ತದೆ. ಹಳೆಯ ಸೀರೆಯೇ ಏಕೆಂದರೆ, ಒಗೆದು ಒಗೆದು ನೂಲಿನ ಎಳೆ ಬಿಚ್ಚಿಕೊಂಡು ರಂಧ್ರಗಳು ಕಿರಿದಾಗಿರುತ್ತವೆ. ಇಷ್ಟಾದರೂ ಸೋಸುವುದು ಕುದಿಸುವುದಕ್ಕೆ ಬದಲಿಯಲ್ಲ.

ಬೆವರಿದವರಿಗೆ, ಭೇದಿಯಾದವರಿಗೆ ಬರಿ ನೀರು ಸಾಲದು. ಸಣ್ಣ ಕರುಳಿನಲ್ಲಿ ಸೋಡಿಯಂ ಮತ್ತು ಗ್ಲೂಕೋಸ್ ಜೊತೆಯಾಗಿ ಒಳಸೇರುತ್ತವೆ, ಅವುಗಳ ಹಿಂದೆ ನೀರು ಬರುತ್ತದೆ. ಓಆರ್‌ಎಸ್ ಪುಡಿಯ ಗುಟ್ಟು ಇದೇ. ಪೊಟ್ಟಣ ಮುಗಿದರೆ ಒಂದು ಲೀಟರ್ ಶುದ್ಧ ನೀರಿಗೆ ಆರು ಸಮ ಚಹಾ ಚಮಚ ಸಕ್ಕರೆ, ಅರ್ಧ ಚಮಚ ಉಪ್ಪು ಬೆರೆಸಬಹುದು. ಉಪ್ಪು ಈ ಅಳತೆಯನ್ನು ಮೀರಬಾರದು.

ಹೊದಿಕೆ ಮತ್ತು ಡೇರೆ

ಹೊದಿಕೆ ತಾನಾಗಿ ಬಿಸಿ ಕೊಡುವುದಿಲ್ಲ. ಅದು ನಿಶ್ಚಲ ಗಾಳಿಯನ್ನು ಹಿಡಿದಿಟ್ಟು ಮೈಯ ಬಿಸಿ ಹೊರಹೋಗದಂತೆ ತಡೆಯುತ್ತದೆ. ಪದರ ಪದರವಾಗಿ ಹೊಲಿದ ಕೌದಿ ಬೆಚ್ಚಗಿರುವುದು ಪದರಗಳ ನಡುವಿನ ಗಾಳಿಯಿಂದ. ನೀರು ಗಾಳಿಗಿಂತ ಇಪ್ಪತ್ತು ಪಟ್ಟಿಗೂ ಹೆಚ್ಚು ವೇಗದಲ್ಲಿ ಶಾಖವನ್ನು ಸಾಗಿಸುತ್ತದೆ. ಹಾಗಾಗಿ ನೆನೆದ ಕೌದಿ ಹೊದಿಕೆಯ ಗುಣವನ್ನೇ ಕಳೆದುಕೊಂಡು ಬರಿ ಹೊರೆಯಾಗುತ್ತದೆ. ಕರಿ ಕಂಬಳಿಯ ನಡತೆ ಬೇರೆ. ಉಣ್ಣೆಯ ಎಳೆ ತನ್ನ ತೂಕದ ಸುಮಾರು ಮೂರರಲ್ಲೊಂದು ಭಾಗ ನೀರಾವಿಯನ್ನು ಒಳಗೆ ಹೀರಿಕೊಂಡರೂ ಮುಟ್ಟಿದರೆ ಒದ್ದೆಯೆನಿಸದು. ಹೀರುವಾಗ ತುಸು ಶಾಖವನ್ನೂ ಬಿಡುತ್ತದೆ. ಸುರುಳಿ ಎಳೆಗಳು ಒದ್ದೆಯಾದಾಗಲೂ ಪೂರ್ತಿ ಚಪ್ಪಟೆಯಾಗದೆ ಗಾಳಿಯನ್ನು ಹಿಡಿದಿರುತ್ತವೆ. ದಖ್ಖನಿ ಕುರಿಯ ಒರಟು ಉಣ್ಣೆಯಲ್ಲಿ ಕುರುಬರು ನೇಯುವ ಕಂಬಳಿ ಮಳೆಯಲ್ಲಿ ತಲೆಗೆ ಕೊಪ್ಪೆ, ರಾತ್ರಿಗೆ ಹಾಸಿಗೆ, ಎರಡೂ ಆಗುವುದು ಈ ಗುಣದಿಂದ. ಕೊರತೆಯೆಂದರೆ ತೂಕ. ನೆನೆದ ಕಂಬಳಿ ಒಣಗಲು ಬಹಳ ಹೊತ್ತು ಬೇಕು. ದಾರಿಯ ಮಳೆಗೆ ಪ್ಲಾಸ್ಟಿಕ್ ಹಾಳೆ, ರಾತ್ರಿಯ ಚಳಿಗೆ ಕಂಬಳಿ ಎಂದು ಕೆಲಸ ಹಂಚಿದರೆ ಎರಡೂ ಸಾರ್ಥಕ.

ತಾಡಪತ್ರಿಯ ಡೇರೆ ಮಳೆಯನ್ನು ಹೊರಗಿಡುತ್ತದೆ, ಒಳಗಿನ ತೇವವನ್ನು ಹೊರಬಿಡುವುದಿಲ್ಲ. ಮಲಗಿದ ಒಬ್ಬರ ಉಸಿರು ಮತ್ತು ಚರ್ಮದಿಂದ ರಾತ್ರಿಯಲ್ಲಿ ಸುಮಾರು ಕಾಲು ಲೀಟರ್ ನೀರು ಆವಿಯಾಗಿ ಹೊರಬರುತ್ತದೆ. ಇಪ್ಪತ್ತು ಜನ ಮಲಗಿದರೆ ಸುಮಾರು ಐದು ಲೀಟರ್. ತಣ್ಣಗಾದ ಛಾವಣಿಗೆ ತಾಗಿ ಅದೇ ಹನಿಗಟ್ಟಿ ಬೆಳಗಿನ ಜಾವ ಹಾಸಿಗೆಯ ಮೇಲೆ ತೊಟ್ಟಿಕ್ಕುತ್ತದೆ. ಎದುರುಬದುರು ಎರಡು ಕಡೆ, ಒಂದು ತಗ್ಗಿನಲ್ಲಿ ಇನ್ನೊಂದು ಎತ್ತರದಲ್ಲಿ, ಗಾಳಿಗೆ ದಾರಿ ಬಿಟ್ಟರೆ ಇದು ಬಹಳಷ್ಟು ತಪ್ಪುತ್ತದೆ.

ಎರೆನೆಲದಲ್ಲಿ ಗೂಟವೇ ದೊಡ್ಡ ಸಮಸ್ಯೆ. ಈ ಮಣ್ಣಿನ ಜೇಡಿಕಣಗಳು ನೀರು ಕುಡಿದು ಉಬ್ಬುತ್ತವೆ, ಒಣಗಿದಾಗ ಬಿರಿಯುತ್ತವೆ. ಸಂಜೆ ಗಟ್ಟಿಯಾಗಿ ನಿಂತ ಗೂಟ ರಾತ್ರಿಯ ಮಳೆಗೆ ಸಡಿಲವಾಗುತ್ತದೆ. ಉದ್ದ ಗೂಟಗಳನ್ನು ಡೇರೆಯಿಂದ ಹೊರಕ್ಕೆ ವಾಲಿಸಿ ಹೊಡೆಯಬೇಕು, ಬೀಡಿಗೆ ಗರಸು ನೆಲವೋ ದಿಬ್ಬವೋ ಸಿಕ್ಕರೆ ಅದನ್ನೇ ಆರಿಸಬೇಕು. ಹಗ್ಗದಲ್ಲೂ ವ್ಯತ್ಯಾಸವುಂಟು. ಹತ್ತಿ, ಸೆಣಬಿನ ಹಗ್ಗ ನೆನೆದಾಗ ಉಬ್ಬಿ ಗಿಡ್ಡವಾಗುತ್ತದೆ, ನೈಲಾನ್ ಹಗ್ಗ ತುಸು ಹಿಗ್ಗುತ್ತದೆ. ಮೊದಲನೆಯದನ್ನು ಮಲಗುವ ಮುನ್ನ ಕೊಂಚ ಸಡಿಲಿಸಬೇಕು, ಎರಡನೆಯದನ್ನು ಬಿಗಿಯಬೇಕು.

ಮೃದಂಗದ ಒಳಗುಟ್ಟು

ದಿಂಡಿಯ ಸಾಮಾನಿನಲ್ಲಿ ಅತ್ಯಂತ ಸೂಕ್ಷ್ಮ ಯಂತ್ರವೆಂದರೆ ಪಖವಾಜು. ಪಂಢರಪುರದ ಯಾತ್ರಿಕರಾದ ವಾರಕರಿಗಳ ಮಾತಿನಲ್ಲಿ ಅದೂ ಮೃದಂಗವೇ. ಮರದ ಪೀಪಾಯಿಯಂಥ ಒಡಲು, ಎರಡು ಕಡೆ ತೊಗಲಿನ ಮುಖ, ಅವುಗಳನ್ನು ಬಿಗಿಯುವ ತೊಗಲಿನ ಬಾರು, ಬಾರಿನ ಅಡಿಯಲ್ಲಿ ಸರಿಸಬಹುದಾದ ಮರದ ತುಂಡುಗಳು ಇದರ ಭಾಗಗಳು. ಬರಿ ತೊಗಲನ್ನು ಬಿಗಿದು ಬಾರಿಸಿದರೆ ಬರುವ ಕಂಪನಗಳ ಅನುಪಾತ 1, 1.59, 2.14 ಎಂದು ಒಂದಕ್ಕೊಂದು ಹೊಂದದೆ ಸಾಗುತ್ತದೆ. ಆದ್ದರಿಂದಲೇ ಬಹುತೇಕ ಡೋಲುಗಳಲ್ಲಿ ಸದ್ದಿದೆ, ಸ್ಪಷ್ಟ ಸ್ವರವಿಲ್ಲ. ಬಲಮುಖದ ನಡುವೆ ಪದರ ಪದರವಾಗಿ ಹಚ್ಚಿದ ಕಪ್ಪು ಕರಣೆ ಆ ಕಂಪನಗಳನ್ನು 1, 2, 3, 4, 5ರ ಅನುಪಾತಕ್ಕೆ ತರುತ್ತದೆ. ಆಗ ಚರ್ಮವಾದ್ಯ ತಂತಿವಾದ್ಯದಂತೆ ಸ್ವರ ಹಿಡಿಯುತ್ತದೆ. ಇದನ್ನು ತೋರಿಸಿದವರು ಸಿ.ವಿ. ರಾಮನ್. 1920ರಲ್ಲಿ ಶಿವಕಾಳಿ ಕುಮಾರ್ ಜೊತೆ ‘ನೇಚರ್’ನಲ್ಲಿ ಬರೆದ ಅವರು, ಬೆಂಗಳೂರಿಗೆ ಬಂದ ಮೇಲೆ 1934ರಲ್ಲಿ ಇದೇ ವಿಷಯವನ್ನು ವಿಸ್ತಾರವಾಗಿ ಪ್ರಕಟಿಸಿದರು. ಎಡಮುಖಕ್ಕೆ ನುಡಿಸುವ ಮುನ್ನ ಹಚ್ಚುವ ನಾದಿದ ಹಿಟ್ಟು ಆ ಮುಖದ ತೂಕವನ್ನು ಹೆಚ್ಚಿಸಿ ನಾದವನ್ನು ತಗ್ಗಿಸುತ್ತದೆ.

ಮುಖದ ಸ್ವರ ತೊಗಲಿನ ಬಿಗುವಿನ ವರ್ಗಮೂಲವನ್ನು ಅನುಸರಿಸುತ್ತದೆ. ಬಿಗುವು 19 ಶೇಕಡ ಇಳಿದರೆ ಕಂಪನ ಸಂಖ್ಯೆ 10 ಶೇಕಡ ಇಳಿಯುತ್ತದೆ. ಷಡ್ಜ ಸುಮಾರು ಎರಡು ಸ್ವರಸ್ಥಾನ ಜಾರಲು ಅಷ್ಟು ಸಾಕು. ತೊಗಲಿನ ಕೊಲಾಜೆನ್ ಎಳೆಗಳು ಮಳೆಗಾಲದ ತೇವ ಹೀರಿ ಹಿಗ್ಗಿದಾಗ ಆಗುವುದು ಇದೇ. ತೂಕವೂ ಕೂಡಿಕೊಂಡು ಸ್ವರ ಇನ್ನಷ್ಟು ಕುಸಿಯುತ್ತದೆ. ಮರದ ತುಂಡುಗಳನ್ನು ತಟ್ಟಿ ಸರಿಸಿ ಬಾರನ್ನು ಬಿಗಿಯಬಹುದು. ಆದರೆ ಒದ್ದೆ ತೊಗಲನ್ನು ಹೀಗೆ ಬಿಗಿದಿಟ್ಟು, ಮರುದಿನ ಬಿಸಿಲು ಬಿದ್ದರೆ ಅದು ಒಣಗಿ ಕುಗ್ಗಿ ಹರಿಯಬಹುದು. ನುಡಿಸಿದ ಮೇಲೆ ಬಿಗಿಯನ್ನು ಇಳಿಸಿಡುವುದು ಅದಕ್ಕಾಗಿ.

ಒಲೆಯ ಹತ್ತಿರ ಕಾಯಿಸುವುದೂ ಅಪಾಯ. ಒದ್ದೆಯಾದ ಹಸಿ ತೊಗಲು ಸುಮಾರು 60 ಡಿಗ್ರಿ ಸೆಲ್ಸಿಯಸ್ ದಾಟಿದರೆ ಅದರ ಎಳೆಗಳು ಕುಗ್ಗಿ ಮುದುಡುತ್ತವೆ, ಮತ್ತೆ ಮೊದಲಿನಂತಾಗುವುದಿಲ್ಲ. ನೆರಳಿನಲ್ಲಿ, ಗಾಳಿಯಾಡುವ ಕಡೆ ನಿಧಾನ ಒಣಗಿಸಬೇಕು. ಒಳಗೆ ನೂಲಿನ ಗವಸು, ಹೊರಗೆ ಪ್ಲಾಸ್ಟಿಕ್ ಹಾಳೆ ಕಟ್ಟಬೇಕು. ಬೀಡು ಮುಟ್ಟಿದ ಕೂಡಲೇ ಪ್ಲಾಸ್ಟಿಕ್ಕನ್ನು ಬಿಚ್ಚಬೇಕು, ಇಲ್ಲದಿದ್ದರೆ ಒಳಗಿನ ತೇವ ಅಲ್ಲೇ ಉಳಿಯುತ್ತದೆ. ಎಡಮುಖದ ಹಿಟ್ಟನ್ನು ಅಂದಂದೇ ಕೆರೆದು ತೆಗೆಯದಿದ್ದರೆ ಇರುವೆ, ಇಲಿಗಳಿಗೆ ಅದೇ ಊಟ.

ತಾಳಕ್ಕೆ ತೇವದ ಭಯವಿಲ್ಲ. ಅದರ ಅಪಾಯ ಪೆಟ್ಟು. ಕಂಚು ಗಡುಸಾದರೂ ಸುಲಭವಾಗಿ ಸೀಳುತ್ತದೆ. ಕೂದಲೆಳೆಯ ಸೀಳು ಬಿದ್ದರೂ ನಾದ ಬೇಗ ನಂದಿಹೋಗುತ್ತದೆ. ಎರಡರ ನಡುವೆ ಬಟ್ಟೆ ಇಟ್ಟು ಕಟ್ಟಬೇಕು. ವೀಣೆಯ ಉಕ್ಕಿನ ತಂತಿಯನ್ನು ರಾತ್ರಿ ಒಣಬಟ್ಟೆಯಿಂದ ಒರೆಸದಿದ್ದರೆ ಬೆರಳಿನ ಬೆವರಿನ ಉಪ್ಪು ತುಕ್ಕಿಗೆ ದಾರಿ ಮಾಡುತ್ತದೆ. ಹಾರ್ಮೋನಿಯಮ್ಮಿನ ಮರ ಉಬ್ಬಿ ಮನೆಗಳು ಸಿಕ್ಕಿಕೊಳ್ಳುವುದರಿಂದ ಅದರ ಪೆಟ್ಟಿಗೆಯಲ್ಲಿ ಸಿಲಿಕಾ ಜೆಲ್ ಪೊಟ್ಟಣಗಳನ್ನು ಇಡುವುದು ಒಳ್ಳೆಯದು.

ಪೇರಿಸುವ ಕ್ರಮ

ದಿಂಡಿಯ ಹೆಚ್ಚಿನ ಸಾಮಾನು ಟೆಂಪೋ ಇಲ್ಲವೇ ಟ್ರ್ಯಾಕ್ಟರಿನಲ್ಲಿ ಹೋಗುತ್ತದೆ. ಧಾನ್ಯದ ಚೀಲ, ದೊಡ್ಡ ಪಾತ್ರೆ, ಸಿಲಿಂಡರು ತಳದಲ್ಲಿ, ಗಾಲಿಯ ಅಚ್ಚಿನ ಸಮೀಪ ಇರಬೇಕು. ಭಾರ ಮೇಲೇರಿದರೆ ತಿರುವಿನಲ್ಲಿ ಬಂಡಿ ಮಗುಚುವ ಸಂಭವ ಹೆಚ್ಚು. ಟ್ರೇಲರಿನಲ್ಲಿ ಭಾರವೆಲ್ಲ ಹಿಂದಕ್ಕೆ ಸರಿದರೆ ಕೊಂಡಿ ಮೇಲೇಳುತ್ತದೆ, ಎಂಜಿನ್ನಿನ ಹಿಂಗಾಲಿಗಳ ಹಿಡಿತ ಸಡಿಲುತ್ತದೆ. ಹಾಸಿಗೆ, ಬಟ್ಟೆಯ ಗಂಟು ಈ ಭಾರದ ಸಾಮಾನಿನ ಮೇಲೆ. ವಾದ್ಯಗಳು ಎಲ್ಲಕ್ಕೂ ಮೇಲೆ, ಹಾಸಿಗೆಯ ಮೆತ್ತೆಯ ನಡುವೆ. ಬೀಡಿನಲ್ಲಿ ಮೊದಲು ಬೇಕಾಗುವ ತಾಡಪತ್ರಿ, ಗೂಟ, ಹಗ್ಗ, ಕೈದೀಪಗಳನ್ನು ಕೊನೆಗೆ ಏರಿಸಬೇಕು. ಅವು ಅಡಿಯಲ್ಲಿ ಸಿಕ್ಕಿಕೊಂಡರೆ, ಮಳೆಯಲ್ಲಿ ಉಳಿದೆಲ್ಲ ಸಾಮಾನನ್ನೂ ಇಳಿಸಿ ನೆನೆಸಬೇಕಾಗುತ್ತದೆ.

ವಾಹನ ಹಿಂದುಳಿಯಬಹುದು, ಜನಸಂದಣಿಯಲ್ಲಿ ದಾರಿ ತಪ್ಪಬಹುದು. ಹಾಗಾಗಿ ಪ್ರತಿಯೊಬ್ಬರ ಬೆನ್ನಿನ ಚೀಲದಲ್ಲೂ ಆ ದಿನಕ್ಕೆ ಬೇಕಾದಷ್ಟು ಇರಲೇಬೇಕು: ಒಂದು ಲೀಟರ್ ನೀರು, ಒಂದು ಹೊತ್ತಿನ ಬುತ್ತಿ, ಪ್ಲಾಸ್ಟಿಕ್ ಹಾಳೆ, ಒಣ ಪಂಚೆ ಅಥವಾ ಸೀರೆ, ದಿನವೂ ನುಂಗುವ ಗುಳಿಗೆ, ಓಆರ್‌ಎಸ್, ಊರಿನವರ ಫೋನ್ ನಂಬರ್ ಬರೆದ ಚೀಟಿ. ಫೋನು, ಗುಳಿಗೆ, ಚೀಟಿ ಮೂರೂ ನೀರು ಸೋರದ ಒಂದೇ ಚೀಲದಲ್ಲಿ ಇರಲಿ. ಹೊರಡುವುದಕ್ಕೆ ವಾರ ಮೊದಲೇ ಚೀಲ ತುಂಬಿ, ಬೆನ್ನಿಗೇರಿಸಿ ಒಂದು ತಾಸು ನಡೆದು ನೋಡಬೇಕು. ಆ ಒಂದು ತಾಸಿನಲ್ಲಿ ಭಾರವೆನಿಸಿದ ಸಾಮಾನನ್ನು ಮನೆಯಲ್ಲೇ ಬಿಟ್ಟು ಹೊರಡುವುದು ಮೇಲು.