ಹಳೆಯ ಕಾರ್ಡ್ ಸೋಲುವುದು ಓಟದಲ್ಲಲ್ಲ

ಎನ್‌ವಿಡಿಯಾದ ಜಿಟಿಎಕ್ಸ್ 1080 ಟಿಐ ಗ್ರಾಫಿಕ್ಸ್ ಕಾರ್ಡಿನಲ್ಲಿ 3584 ಕೋರ್‌ಗಳಿವೆ. ಅದು ಮಾರುಕಟ್ಟೆಗೆ ಬಂದದ್ದು 2017ರ ಮಾರ್ಚ್‌ನಲ್ಲಿ, 699 ಡಾಲರ್ ಬೆಲೆಗೆ. ನಾಲ್ಕು ವರ್ಷ ಕಳೆದು ಬಂದ ಆರ್‌ಟಿಎಕ್ಸ್ 3060ರಲ್ಲೂ ಇರುವುದು ಸರಿಯಾಗಿ ಅಷ್ಟೇ, 3584. ಬೆಲೆ ಮಾತ್ರ 329 ಡಾಲರ್. ಹಳೆಯದನ್ನೂ ಹೊಸದನ್ನೂ ಪಕ್ಕಪಕ್ಕ ಇಟ್ಟು ನೋಡಲು ಇಂಥ ಜೋಡಿ ಇನ್ನೊಂದಿಲ್ಲ. ದಾರಿ ತಪ್ಪಿಸುವುದರಲ್ಲೂ ಇಂಥದ್ದು ಇನ್ನೊಂದಿಲ್ಲ.

ಮೊದಲನೆಯದು ಹೆಸರಿನ ಗೊಂದಲ. 3060 ದೊಡ್ಡ ಸಂಖ್ಯೆ, ಹಾಗಾಗಿ 1080ಕ್ಕಿಂತ ಮೂರು ಪಟ್ಟು ಜೋರು ಎಂದುಕೊಳ್ಳುವವರು ಈಗಲೂ ಇದ್ದಾರೆ. ಮೊದಲ ಎರಡು ಅಂಕಿ ಹೇಳುವುದು ಪೀಳಿಗೆಯನ್ನು, ಕೊನೆಯ ಎರಡು ಅಂತಸ್ತನ್ನು. 80 ಎಂದರೆ ಶ್ರೀಮಂತ, 60 ಎಂದರೆ ಮಧ್ಯಮ ವರ್ಗ. ಈ ಲೆಕ್ಕವನ್ನೂ ಕಣ್ಣುಮುಚ್ಚಿ ನಂಬುವಂತಿಲ್ಲ. 9800 ಜಿಟಿಎಕ್ಸ್ ಪ್ಲಸ್‌ನಲ್ಲಿದ್ದ ಚಿಪ್ಪನ್ನೇ 2009ರಲ್ಲಿ ಜಿಟಿಎಸ್ 250 ಎಂದು ಮರುನಾಮಕರಣ ಮಾಡಿ ಮಾರಲಾಗಿತ್ತು. 1060ರ 3 ಜಿಬಿ ಮಾದರಿಯಲ್ಲಿ ಮೆಮೊರಿಯಷ್ಟೇ ಅಲ್ಲ, ಕೋರ್‌ಗಳೂ 1280ರಿಂದ 1152ಕ್ಕೆ ಇಳಿದಿದ್ದವು. ಹೆಸರು ಮಾತ್ರ ಅದೇ.

ಮೂರು ನಾಲ್ಕು ವರ್ಷ ಹಳೆಯ ಆಟಗಳಲ್ಲಿ 1080 ಟಿಐ ಮತ್ತು 3060 ಹೆಚ್ಚುಕಡಿಮೆ ಸಮಸಮ. ಇನ್ನೂ ಹಳೆಯವುಗಳಲ್ಲಿ ಅನೇಕ ಕಡೆ ಮೊದಲಿನದೇ ಒಂದು ಹೆಜ್ಜೆ ಮುಂದೆ. ಕಾರಣ ಹುಡುಕಲು ಕೋರ್‌ಗಳ ಸಂಖ್ಯೆಯನ್ನು ಬಿಟ್ಟು ಬೇರೆಡೆ ನೋಡಬೇಕು. ಮೇಲ್ಮೈಗಳಿಗೆ ಟೆಕ್ಸ್ಚರ್ ಹಚ್ಚುವ ಘಟಕಗಳು ಹಳೆಯದರಲ್ಲಿ 224, ಹೊಸದರಲ್ಲಿ 112. ಮೆಮೊರಿಯಿಂದ ಚಿಪ್ಪಿಗೆ ಹರಿಯುವ ದತ್ತಾಂಶ ಹಳೆಯದರಲ್ಲಿ ಸೆಕೆಂಡಿಗೆ 484 ಜಿಬಿ, ಹೊಸದರಲ್ಲಿ 360. 2023ರಲ್ಲಿ 299 ಡಾಲರಿಗೆ ಬಂದ ಆರ್‌ಟಿಎಕ್ಸ್ 4060ರಲ್ಲಂತೂ ಇದು 272ಕ್ಕೆ ಕುಸಿದಿದೆ. ಆದರೂ 4060, 3060ಕ್ಕಿಂತ ವೇಗವಾಗಿದೆ! ಚಿಪ್ಪಿನೊಳಗೇ 24 ಎಂಬಿ ಕ್ಯಾಶ್ ಇಟ್ಟದ್ದು ಇದಕ್ಕೆ ಒಂದು ದೊಡ್ಡ ಕಾರಣ. ಸಾಸಿವೆ ಡಬ್ಬಿ ಒಲೆಯ ಪಕ್ಕದಲ್ಲೇ ಇದ್ದರೆ ಒಗ್ಗರಣೆಗೆ ಉಗ್ರಾಣಕ್ಕೆ ಓಡುವ ಕೆಲಸವಿಲ್ಲ.

ಆದರೆ ಉಗ್ರಾಣವೇ ಚಿಕ್ಕದಾದರೆ? 2017ರ ಕಾರ್ಡಿಗೆ 11 ಜಿಬಿ ಮೆಮೊರಿ ಕೊಟ್ಟ ಕಂಪನಿ 2023ರ 4060ಕ್ಕೆ ಕೊಟ್ಟದ್ದು 8 ಜಿಬಿ. 2025ರ 5060ಕ್ಕೂ ಅದೇ 8. ಅಂತಸ್ತು ಬೇರೆ ಎಂಬ ಸಮಜಾಯಿಷಿ ಇದೆ, ನನಗದು ಜಿಪುಣತನವಾಗಿಯೇ ಕಾಣುತ್ತದೆ. ಆಟದ ಟೆಕ್ಸ್ಚರ್‌ಗಳು 8 ಜಿಬಿಯಲ್ಲಿ ಹಿಡಿಸದಿದ್ದರೆ ಉಳಿದದ್ದು ಕಂಪ್ಯೂಟರಿನ ರ‍್ಯಾಮ್‌ಗೆ ಹೋಗುತ್ತದೆ, ಬೇಕಾದಾಗ ಪಿಸಿಐಇ ಸ್ಲಾಟ್ ಮೂಲಕ ಮರಳಿ ಬರಬೇಕಾಗುತ್ತದೆ. 4060 ಆ ಸ್ಲಾಟಿನ 16 ಲೇನ್‌ಗಳಲ್ಲಿ ಬಳಸುವುದು 8 ಮಾತ್ರ. ಮದರ್‌ಬೋರ್ಡ್ ಹಳೆಯದು, ಪಿಸಿಐಇ 3.0 ಎಂದಾದರೆ ಆ ದಾರಿಯ ವೇಗ ಮತ್ತೆ ಅರ್ಧ. ಹಳೆಯ ಕಂಪ್ಯೂಟರಿಗೆ ಹೊಸ ಕಾರ್ಡ್ ಹಾಕಿಸಿದವರು ಸರಾಸರಿ ಫ್ರೇಮ್ ಸಂಖ್ಯೆ ಏರಿದರೂ ಆಟ ನಡುನಡುವೆ ಜರ್ಕ್ ಹೊಡೆಯುತ್ತದೆ ಎಂದು ಗೊಣಗಿದರೆ ಮೊದಲು ಇಲ್ಲಿ ಹುಡುಕಬೇಕು.

ಆ ಜರ್ಕ್ ಸರಾಸರಿಯಲ್ಲಿ ಕಾಣುವುದೇ ಇಲ್ಲ. ಸೆಕೆಂಡಿಗೆ 60 ಫ್ರೇಮ್ ಎಂದರೆ ಒಂದೊಂದು ಫ್ರೇಮಿಗೆ ಸುಮಾರು 16.7 ಮಿಲಿಸೆಕೆಂಡ್. ಐವತ್ತೊಂಬತ್ತು ಫ್ರೇಮ್ ಚಕಚಕನೆ ಬಂದು ಅರವತ್ತನೆಯದು 100 ಮಿಲಿಸೆಕೆಂಡ್ ತಡವಾದರೆ ಪಟ್ಟಿಗೆ ಗೊತ್ತಾಗದು, ಆಡುವವನ ಕಣ್ಣಿಗೆ ಗೊತ್ತಾಗುತ್ತದೆ. 2011ರಲ್ಲಿ ಅಮೆರಿಕದ ಹಾರ್ಡ್‌ವೇರ್ ಪರೀಕ್ಷಕ ಸ್ಕಾಟ್ ವಾಸನ್ ಫ್ರೇಮ್‌ಗಳನ್ನು ಎಣಿಸುವ ಬದಲು ಪ್ರತಿ ಫ್ರೇಮಿನ ಕಾಲವನ್ನೇ ಅಳೆದು ತೋರಿಸಿದ ಮೇಲೆ ಪರೀಕ್ಷಕರ ರೂಢಿಯೇ ಬದಲಾಯಿತು. ಈಗ ಎಲ್ಲರೂ ಕೊಡುವ ‘ಒನ್ ಪರ್ಸೆಂಟ್ ಲೋ’, ಅಂದರೆ ಅತಿ ನಿಧಾನದ ಶೇಕಡಾ ಒಂದರಷ್ಟು ಫ್ರೇಮ್‌ಗಳ ಲೆಕ್ಕ, ಆ ದಾರಿಯಲ್ಲೇ ಬಂದದ್ದು. ಸರಾಸರಿ ಮಾತ್ರ ಕೊಡುವ ಹೋಲಿಕೆಯನ್ನು ನಾನು ಓದುವುದು ಬಿಟ್ಟಿದ್ದೇನೆ.

ಹೊಸದರ ನಿಜವಾದ ಗೆಲುವು ಕರೆಂಟಿನಲ್ಲಿ. 1080 ಟಿಐ 250 ವ್ಯಾಟ್ ತಿಂದು ಮಾಡುವ ಕೆಲಸವನ್ನು 4060, 115 ವ್ಯಾಟ್‌ನಲ್ಲಿ ಮುಗಿಸುತ್ತದೆ. ದಿನಕ್ಕೆ ಮೂರು ಗಂಟೆ ಆಡುವವರಿಗೆ ತಿಂಗಳಿಗೆ ಸುಮಾರು 12 ಯೂನಿಟ್ ಉಳಿತಾಯ. ದೊಡ್ಡದೇನಲ್ಲ, ಆದರೆ ಗೃಹಜ್ಯೋತಿಯ 200 ಯೂನಿಟ್ ಗಡಿಯಲ್ಲಿ ತೂಗಾಡುವ ಮನೆಯಲ್ಲಿ ಅಮ್ಮನ ಮುಂದೆ ಹೊಸ ಕಾರ್ಡಿನ ಪರ ವಾದಿಸಲು ಇದಕ್ಕಿಂತ ಬಲವಾದ ಅಂಶ ಸಿಗಲಿಕ್ಕಿಲ್ಲ.

ಕಂಪನಿ ಮುಂದಿಡುವ ಅಂಕಿಗಳ ಕಥೆ ಬೇರೆ. 2025ರ ಜನವರಿಯಲ್ಲಿ ಲಾಸ್ ವೇಗಸ್‌ನ ವೇದಿಕೆಯಲ್ಲಿ ಎನ್‌ವಿಡಿಯಾದ ಮುಖ್ಯಸ್ಥ ಜೆನ್ಸನ್ ಹುವಾಂಗ್, 549 ಡಾಲರಿನ 5070 ಕಾರ್ಡ್ 1599 ಡಾಲರಿನ 4090ಕ್ಕೆ ಸಾಟಿ ಎಂದರು. ಒಂದು ಫ್ರೇಮನ್ನು ಲೆಕ್ಕ ಹಾಕಿ ಬಿಡಿಸಿ, ಅದರ ಜೊತೆಗೆ ಮೂರರವರೆಗೆ ಫ್ರೇಮ್‌ಗಳನ್ನು ಎಐ ಊಹಿಸಿ ತುಂಬುವ ತಂತ್ರವನ್ನೂ ಸೇರಿಸಿಕೊಂಡ ಮಾತದು. ಪರದೆಯ ಮೇಲೆ ಚಲನೆ ನುಣುಪಾಗುವುದು ನಿಜ. ಮೌಸ್ ಅಲುಗಿಸಿದ್ದಕ್ಕೆ ಆಟ ಸ್ಪಂದಿಸುವ ವೇಗ ಅದರಿಂದ ಹೆಚ್ಚುವುದಿಲ್ಲ. ಊಹಿಸಿದ ಫ್ರೇಮನ್ನು ಬಿಡಿಸಿದ ಫ್ರೇಮಿನ ಜೊತೆ ಒಂದೇ ಕಂಬದಲ್ಲಿ ನಿಲ್ಲಿಸುವುದನ್ನು ಹೋಲಿಕೆ ಎಂದು ನಾನು ಕರೆಯಲಾರೆ.

ಹಾಗಿದ್ದರೆ 1080 ಟಿಐ ಇಟ್ಟುಕೊಂಡವರು ನಿಶ್ಚಿಂತೆಯಾಗಿರಬಹುದೇ? ಇರಲಾಗದು, ಅದಕ್ಕೆ ವೇಗ ಕಾರಣವಲ್ಲ. 2023ರ ‘ಅಲನ್ ವೇಕ್ 2’ ಆಟ ಮೆಶ್ ಶೇಡರ್ ಎಂಬ ಸೌಲಭ್ಯವನ್ನು ನೆಚ್ಚಿಕೊಂಡಿತ್ತು. ಅದಿಲ್ಲದ 1080 ಟಿಐ ಬಿಡುಗಡೆಯ ಹೊತ್ತಿನಲ್ಲಿ ತೆವಳಿತು, ಮರುವರ್ಷದ ಪ್ಯಾಚ್ ಬಂದ ಮೇಲೆ ತುಸು ಚೇತರಿಸಿಕೊಂಡಿತು. 2024ರ ಡಿಸೆಂಬರಿನ ‘ಇಂಡಿಯಾನಾ ಜೋನ್ಸ್ ಆ್ಯಂಡ್ ದ ಗ್ರೇಟ್ ಸರ್ಕಲ್’ ಅಷ್ಟೂ ದಾಕ್ಷಿಣ್ಯ ತೋರಲಿಲ್ಲ. ರೇ ಟ್ರೇಸಿಂಗ್ ಹಾರ್ಡ್‌ವೇರ್ ಇಲ್ಲದಿದ್ದರೆ ಆಟಕ್ಕೆ ಪ್ರವೇಶವೇ ಇಲ್ಲ. ಅದರ ಕನಿಷ್ಠ ಅರ್ಹತೆ 2060 ಸೂಪರ್. ಹಳೆಯ ಆಟಗಳಲ್ಲಿ 1080 ಟಿಐ ಹಿಂದೆ ಓಡುವ ಆ ಕಾರ್ಡ್ ಒಳಗೆ, 1080 ಟಿಐ ಹೊರಗೆ. ಇದರ ಮೇಲೆ 2025ರ ಅಕ್ಟೋಬರಿಗೆ ಇಡೀ 10 ಸರಣಿಗೆ ಹೊಸ ಆಟಗಳ ಡ್ರೈವರ್ ನಿಂತಿತು. ಇನ್ನು 2028ರ ಅಕ್ಟೋಬರಿನವರೆಗೆ ಬರುವುದು ಭದ್ರತಾ ತೇಪೆಗಳು ಮಾತ್ರ.

ಹೀಗಾಗಿ ಇರುವ 1080 ಟಿಐಯನ್ನು ಅವಸರದಲ್ಲಿ ಮಾರಬೇಕಿಲ್ಲ, ಆದರೆ ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಸೆಕೆಂಡ್‌ಹ್ಯಾಂಡ್ ಕೊಳ್ಳಲು ಹೊರಟವರು ಅದನ್ನು ಬಿಟ್ಟು 3060ರ 12 ಜಿಬಿ ಮಾದರಿ ಕೇಳುವುದು ಮೇಲು. ಕ್ರಿಪ್ಟೊ ಮೈನಿಂಗ್‌ನಲ್ಲಿ ದುಡಿದು ಬಂದ ಕಾರ್ಡೇ ಎಂದು ವಿಚಾರಿಸಿ, ಫ್ಯಾನ್ ತಿರುಗಿಸಿ ನೋಡಿ, ಅರ್ಧ ಗಂಟೆ ಓಡಿಸಿ ತೋರಿಸಲು ಹೇಳಬೇಕು.

ಬಾಗಿಲು ಮುಚ್ಚುವುದು ಹಳೆಯದಕ್ಕೆ ಮಾತ್ರ ಎಂದೇನಿಲ್ಲ. 2025ರಲ್ಲಿ ಬಂದ 50 ಸರಣಿಯಿಂದ, ಹಳೆಯ ಆಟಗಳು ಭೌತಿಕ ಚಲನೆಯ ಲೆಕ್ಕಕ್ಕೆ ಬಳಸುವ 32 ಬಿಟ್ ಫಿಸ್‌ಎಕ್ಸ್ ಬೆಂಬಲವನ್ನು ಎನ್‌ವಿಡಿಯಾ ಕಿತ್ತುಹಾಕಿತ್ತು. ‘ಮಿರರ್ಸ್ ಎಡ್ಜ್’, ‘ಬಾರ್ಡರ್‌ಲ್ಯಾಂಡ್ಸ್ 2’ನಂಥ ಆಟಗಳಲ್ಲಿ ಒಡೆಯುವ ಗಾಜು, ಹಾರುವ ಬಟ್ಟೆಯ ಲೆಕ್ಕವೆಲ್ಲ ಪ್ರೊಸೆಸರಿನ ತಲೆಗೆ ಬಿದ್ದು, 1999 ಡಾಲರಿನ 5090 ಕೂಡ ಎಡವಿತು. ಉತ್ಸಾಹಿಗಳು ಆ ದೈತ್ಯನ ಪಕ್ಕದ ಸ್ಲಾಟಿನಲ್ಲಿ ಹಳೆಯ ಕಾರ್ಡೊಂದನ್ನು ಸಿಕ್ಕಿಸಿ, ಫಿಸ್‌ಎಕ್ಸ್ ಕೆಲಸವನ್ನು ಅದಕ್ಕೆ ಒಪ್ಪಿಸಿದರು. ಕೆಲವು ಆಟಗಳ ಮಟ್ಟಿಗೆ ಕಂಪನಿ ಆ ಬೆಂಬಲವನ್ನು ಆಮೇಲೆ ಡ್ರೈವರ್ ಮೂಲಕ ಮರಳಿ ಕೊಟ್ಟಿತು.